ಹಳೆ ಸರ್ವರ್, ಹೊಸ ಸರ್ವರ್: ಡೇಟಾಬೇಸ್‌ನ ಫ್ಲೋಟಿಂಗ್ ಪಾಯಿಂಟ್ ವೇಗ ಅಳೆಯುವುದು ಹೇಗೆ?

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಮ್ಮ ಕರಾವಳಿಯಲ್ಲಿ ಆಳಸಮುದ್ರ ಮೀನುಗಾರಿಕೆಗೆ ರಜೆ. ಮಂಗಳೂರಿನ ದಕ್ಕೆಯಲ್ಲಿ, ಮಲ್ಪೆಯಲ್ಲಿ ಬೋಟುಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿರುತ್ತವೆ. ನಾನು ನೋಡಿಕೊಳ್ಳುವ ಡೇಟಾಬೇಸ್‌ಗೂ ಆಗ ಬಿಡುವು. ಬೋಟುಗಳ ಜಿಪಿಎಸ್ ಬಿಂದುಗಳನ್ನು ಕೂಡಿಟ್ಟು, ಯಾವ ಬೋಟು ಎಷ್ಟು ದೂರ ಹೋಯಿತು, ಎಷ್ಟು ಡೀಸೆಲ್ ಸುಟ್ಟಿತು ಎಂದು ಲೆಕ್ಕ ಹಾಕುವ ಸರ್ವರ್ ಅದು. ಹೊಸ ಯಂತ್ರ ಬಂದರೆ ಹಳೆಯದರ ಜೊತೆ ಇಟ್ಟು ಅಳೆಯುವ ಕೆಲಸವನ್ನು ಈ ಎರಡು ತಿಂಗಳಿಗೇ ಎತ್ತಿಡುತ್ತೇನೆ.

ಮೊದಲ ಸಲ ನಾನು ಅಳೆದದ್ದು ಪೂರ್ತಿ ತಪ್ಪಾಗಿತ್ತು. ಹೊಸ ಸರ್ವರ್‌ನ ಪ್ರೊಸೆಸರ್ ಎರಡು ತಲೆಮಾರು ಮುಂದಿನದು. ಫ್ಲೋಟಿಂಗ್ ಪಾಯಿಂಟ್, ಅಂದರೆ ಚುಕ್ಕೆ ಇರುವ ಸಂಖ್ಯೆಗಳ ಲೆಕ್ಕದ ವೇಗದ ಅಂಕ, ದುಪ್ಪಟ್ಟಿಗಿಂತ ಜಾಸ್ತಿ ಎಂದು ಮಾರಿದವರ ಕಾಗದದಲ್ಲಿ ಇತ್ತು. ಆದರೆ ತಿಂಗಳ ಡೀಸೆಲ್ ವರದಿ ಅಂದುಕೊಂಡಷ್ಟು ಬೇಗ ಬರಲೇ ಇಲ್ಲ. ಡಿಸ್ಕ್ ಬದಲಿಸಿದೆ, ಮೆಮೊರಿ ಹೆಚ್ಚಿಸಿದೆ, ಏನೂ ಆಗಲಿಲ್ಲ. ಕಾರಣ ಆಮೇಲೆ ಗೊತ್ತಾಯಿತು. ನನ್ನ ವರದಿಯಲ್ಲಿ ಫ್ಲೋಟಿಂಗ್ ಪಾಯಿಂಟ್ ಲೆಕ್ಕವೇ ಹೆಚ್ಚು ಇರಲಿಲ್ಲ. ನಾನು ಅಳೆದದ್ದು ಬೇರೆ ಏನನ್ನೋ. ಫ್ಲೋಟಿಂಗ್ ಪಾಯಿಂಟ್ ಲೆಕ್ಕವನ್ನೂ ಉಳಿದ ಕೆಲಸವನ್ನೂ ಬಿಡಿಸಿ ಅಳೆಯುವುದು ಹೇಗೆ ಎಂದು ಇಲ್ಲಿ ಹೇಳುತ್ತೇನೆ. ಉದಾಹರಣೆ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಸಾಫ್ಟ್‌ವೇರ್‌ನದ್ದು, ನಾನು ದಿನಾ ಬಳಸುವುದು ಅದೇ.

ಮೊದಲು ಕಾಲಂನ ಟೈಪ್ ನೋಡಿ

ಡೇಟಾಬೇಸ್‌ನಲ್ಲಿ ಚುಕ್ಕೆ ಇರುವ ಸಂಖ್ಯೆಗಳೆಲ್ಲ ಒಂದೇ ಜಾತಿಯಲ್ಲ. ಡಬಲ್ ಪ್ರಿಸಿಷನ್ ಎಂಬುದು ಐಟ್ರಿಪಲ್‌ಇ ಎಂಬ ಎಂಜಿನಿಯರ್‌ಗಳ ಸಂಸ್ಥೆಯ 754 ನಿಯಮದ 64 ಬಿಟ್ ಸಂಖ್ಯೆ. ಆ ನಿಯಮ ಬಂದದ್ದು 1985ರಲ್ಲಿ. ಅದನ್ನು ಕೂಡಿಸಲು, ಗುಣಿಸಲು ಪ್ರೊಸೆಸರ್ ಒಳಗೇ ಯಂತ್ರಾಂಶ ಉಂಟು. ನ್ಯೂಮರಿಕ್ ಎಂಬ ಇನ್ನೊಂದು ಟೈಪ್ ಹಾಗಲ್ಲ. ಪೋಸ್ಟ್‌ಗ್ರೆಸ್ ಅದನ್ನು ನಾಲ್ಕು ನಾಲ್ಕು ಅಂಕಿಗಳ ತುಂಡು ಮಾಡಿ ಇಡುತ್ತದೆ, 10,000ದ ಬುಡದಲ್ಲಿ. ನಾವು ಶಾಲೆಯಲ್ಲಿ ಕಾಗದದ ಮೇಲೆ ಮಾಡಿದ ಹಾಗೆ ತುಂಡು ತುಂಡಾಗಿ, ದಶಕ ಹಿಡಿದು ಲೆಕ್ಕ ಮಾಡುತ್ತದೆ. ಇದೆಲ್ಲ ಪೂರ್ಣಾಂಕದ ಕೆಲಸ. ಪ್ರೊಸೆಸರ್‌ನ ಫ್ಲೋಟಿಂಗ್ ಪಾಯಿಂಟ್ ಘಟಕ ಆಗ ಸುಮ್ನೆ ಕೂತಿರುತ್ತದೆ. ಮೈಎಸ್‌ಕ್ಯೂಎಲ್ ಎಂಬ ಇನ್ನೊಂದು ಡೇಟಾಬೇಸ್‌ನ ಡೆಸಿಮಲ್ ಕೂಡ ಇದೇ ಬಗೆಯದು, ಅದು ಒಂಬತ್ತು ಅಂಕಿಗಳ ತುಂಡು ಮಾಡುತ್ತದೆ.

ಹಾಗೆಂದು ನ್ಯೂಮರಿಕ್ ಬೇಡ ಎಂದಲ್ಲ. ಕೆನರಾ, ಕಾರ್ಪೊರೇಷನ್, ಕರ್ಣಾಟಕ, ಸಿಂಡಿಕೇಟ್, ವಿಜಯಾ, 1906ರಿಂದ 1931ರ ನಡುವೆ ಈ ಐದೂ ಬ್ಯಾಂಕುಗಳು ಹುಟ್ಟಿದ್ದು ನಮ್ಮ ಮಂಗಳೂರು, ಉಡುಪಿಯಲ್ಲಿ. ಪೈಸೆಯ ಲೆಕ್ಕ ತಪ್ಪಬಾರದು ಎಂಬುದನ್ನು ಇಲ್ಲಿಯವರಿಗೆ ಹೇಳಿಕೊಡಬೇಕಾಗಿಲ್ಲ. ಹಣಕ್ಕೆ ನ್ಯೂಮರಿಕ್ಕೇ ಸರಿ. ಆದರೆ ಅಕ್ಷಾಂಶ, ರೇಖಾಂಶ, ವೇಗ, ಉಷ್ಣಾಂಶ, ಮಳೆಯ ಮಿಲಿಮೀಟರ್, ಇವು ಅಳತೆಗಳು. ಇವಕ್ಕೆ ಡಬಲ್ ಪ್ರಿಸಿಷನ್ ಸಾಕು.

ಟೈಪ್ ಸರಿ ಇದ್ದ ಮಾತ್ರಕ್ಕೆ ಮುಗಿಯಲಿಲ್ಲ. ಕ್ವೆರಿಯೊಳಗೆ, ಅಂದರೆ ಡೇಟಾಬೇಸ್‌ಗೆ ಕೇಳುವ ಪ್ರಶ್ನೆಯೊಳಗೆ, ಮೂರು ಕಡೆ ನ್ಯೂಮರಿಕ್ ಸದ್ದಿಲ್ಲದೆ ನುಸುಳುತ್ತದೆ.

ಒಂದು, ಬರೆದ ಸಂಖ್ಯೆ. ಕ್ವೆರಿಯಲ್ಲಿ 2.5 ಎಂದು ಬರೆದರೆ ಪೋಸ್ಟ್‌ಗ್ರೆಸ್‌ಗೆ ಅದು ನ್ಯೂಮರಿಕ್. ಅದರ ವರ್ಗಮೂಲ ಕೇಳಿದರೆ ನ್ಯೂಮರಿಕ್ ವರ್ಗಮೂಲವೇ ಓಡುತ್ತದೆ. ಹಾಗಾಗಿ ಸಂಖ್ಯೆಯ ನಂತರ ಎರಡು ಕೋಲನ್ ಹಾಕಿ ಫ್ಲೋಟ್8 (ಡಬಲ್ ಪ್ರಿಸಿಷನ್‌ನ ಇನ್ನೊಂದು ಹೆಸರು) ಎಂದು ಬರೆಯಬೇಕು. ಮೈಎಸ್‌ಕ್ಯೂಎಲ್‌ನಲ್ಲೂ 2.5 ಎಂದರೆ ಡೆಸಿಮಲ್. ಅಲ್ಲಿ ಸಂಖ್ಯೆಯ ಕೊನೆಗೆ ಇ0 ಸೇರಿಸಿದರೆ ಡಬಲ್ ಆಗುತ್ತದೆ.

ಎರಡು, ಪೂರ್ಣಾಂಕದ ಕಾಲಂ. ಅದನ್ನು 1.05ರಿಂದ ಗುಣಿಸಿದರೆ ಉತ್ತರ ನ್ಯೂಮರಿಕ್. ಡಬಲ್ ಕಾಲಂ ಆಗಿದ್ದರೆ ಉತ್ತರ ಡಬಲ್ಲೇ ಆಗಿ ಉಳಿಯುತ್ತದೆ.

ಮೂರನೆಯದೇ ನನ್ನನ್ನು ಕೆಡವಿದ್ದು. ಎರಡು ದಶಾಂಶಕ್ಕೆ ಸರಿಹೊಂದಿಸುವ ರೌಂಡ್ ಫಂಕ್ಷನ್ ಪೋಸ್ಟ್‌ಗ್ರೆಸ್‌ನಲ್ಲಿ ಡಬಲ್‌ಗೆ ಇಲ್ಲ, ನ್ಯೂಮರಿಕ್‌ಗೆ ಮಾತ್ರ ಉಂಟು. ಎರರ್ ಬಂತು ಎಂದು ನಾನು ಪ್ರತಿ ಸಾಲಿನಲ್ಲೂ ನ್ಯೂಮರಿಕ್‌ಗೆ ಬದಲಿಸಿ, ರೌಂಡ್ ಮಾಡಿ, ಆಮೇಲೆ ಕೂಡಿಸುತ್ತಿದ್ದೆ. ದಿನಕ್ಕೆ ಲಕ್ಷಗಟ್ಟಲೆ ಬಿಂದು, ಪ್ರತಿ ಬಿಂದುವಿಗೂ ಒಂದು ಪರಿವರ್ತನೆ. ಮೊದಲು ಕೂಡಿಸಿ, ಕೊನೆಗೆ ಒಂದೇ ಸಲ ರೌಂಡ್ ಮಾಡಿದಾಗ ಹಳೆಯ ಸರ್ವರ್‌ನಲ್ಲೇ ವರದಿ ಬೇಗ ಬಂತು. ಹೊಸ ಯಂತ್ರಕ್ಕೆ ದುಡ್ಡು ಹಾಕುವ ಮೊದಲು ಇದೊಂದನ್ನು ದಯವಿಟ್ಟು ನೋಡಿ.

ಎರಡೂ ಕಡೆ ಒಂದೇ ಸಾಫ್ಟ್‌ವೇರ್ ಇರಲಿ

ಹಳೆ ಸರ್ವರ್‌ನಲ್ಲಿ ಹಳೆ ಲಿನಕ್ಸ್, ಹಳೆ ಪೋಸ್ಟ್‌ಗ್ರೆಸ್. ಹೊಸದರಲ್ಲಿ ಎಲ್ಲ ಹೊಸದು. ಹಾಗೇ ಅಳೆದರೆ ಪ್ರೊಸೆಸರ್ ಗೆದ್ದಿತೋ ಸಾಫ್ಟ್‌ವೇರ್ ಗೆದ್ದಿತೋ ಹೇಳಲಿಕ್ಕೆ ಬರುವುದಿಲ್ಲ.

ದೂರದ ಲೆಕ್ಕದಲ್ಲಿ ಬರುವ ಸೈನ್, ಕೊಸೈನ್, ಘಾತ, ಲಾಗ್, ಇವುಗಳನ್ನು ಪೋಸ್ಟ್‌ಗ್ರೆಸ್ ತಾನೇ ಮಾಡುವುದಿಲ್ಲ. ಲಿನಕ್ಸ್‌ನ ಸಿ ಲೈಬ್ರರಿಯನ್ನು, ಅಂದರೆ ಜಿಲಿಬ್‌ಸಿಯನ್ನು ಕೇಳುತ್ತದೆ. 2018ರಲ್ಲಿ ಬಂದ ಜಿಲಿಬ್‌ಸಿ 2.28ರಲ್ಲಿ ಘಾತ, ಲಾಗ್ ಫಂಕ್ಷನ್‌ಗಳನ್ನು ಹೊಸದಾಗಿ ಬರೆದು ವೇಗ ಮಾಡಿದರು. ಅದಕ್ಕಿಂತ ಹಳೆಯ ಲೈಬ್ರರಿ ಒಂದು ಕಡೆ, ಹೊಸದು ಇನ್ನೊಂದು ಕಡೆ ಇದ್ದರೆ ಹೋಲಿಕೆ ಅಲ್ಲೇ ಕೆಟ್ಟಿತು. ಕರ್ನಲ್, ಅಂದರೆ ಲಿನಕ್ಸ್‌ನ ತಿರುಳಿನ ವಿಷಯವೂ ಹಾಗೆಯೇ. 2018ರ ಜನವರಿಯಲ್ಲಿ ಮೆಲ್ಟ್‌ಡೌನ್, ಸ್ಪೆಕ್ಟರ್ ಎಂಬ ಪ್ರೊಸೆಸರ್ ಭದ್ರತಾ ದೋಷಗಳು ಹೊರಬಂದ ಮೇಲೆ ಸೇರಿದ ತಡೆಗಳಿಂದ ಹಳೆ ಪ್ರೊಸೆಸರ್‌ಗಳು ಸ್ವಲ್ಪ ನಿಧಾನವಾದವು. ತಡೆ ಇಲ್ಲದ ಹಳೆ ಕರ್ನಲ್ ಜೊತೆ ಹೋಲಿಸಿದರೆ ಹೊಸ ಯಂತ್ರಕ್ಕೆ ಅನ್ಯಾಯ.

ನಾನು ಮಾಡುವುದು ಇಷ್ಟು: ಒಂದು ಪೆನ್‌ಡ್ರೈವ್‌ನಲ್ಲಿ ಒಂದೇ ಲಿನಕ್ಸ್, ಒಂದೇ ಪೋಸ್ಟ್‌ಗ್ರೆಸ್, ಒಂದೇ ಸೆಟ್ಟಿಂಗ್ ಫೈಲ್. ಎರಡೂ ಯಂತ್ರಗಳಲ್ಲಿ ಅದರಿಂದಲೇ ಹೊಸದಾಗಿ ಹಾಕುತ್ತೇನೆ. ಅರ್ಧ ದಿನ ಹೋಗುತ್ತದೆ, ಹೋಗಲಿ.

ಪ್ರೊಸೆಸರ್‌ನ ಜಾತಕ

ಎಲ್‌ಎಸ್‌ಸಿಪಿಯು ಎಂಬ ಕಮಾಂಡ್ ಕೊಟ್ಟರೆ ಪ್ರೊಸೆಸರ್ ಹೆಸರು, ಕೋರ್ ಸಂಖ್ಯೆ ಮತ್ತು ಫ್ಲ್ಯಾಗ್‌ಗಳ, ಅಂದರೆ ಅದಕ್ಕೆ ಗೊತ್ತಿರುವ ವಿಶೇಷ ಆದೇಶಗಳ ಹೆಸರಿನ, ಉದ್ದ ಪಟ್ಟಿ ಬರುತ್ತದೆ. ಆ ಪಟ್ಟಿಯಲ್ಲಿ ಎವಿಎಕ್ಸ್, ಎವಿಎಕ್ಸ್2, ಎಫ್‌ಎಂಎ, ಎವಿಎಕ್ಸ್512ಎಫ್ ಹುಡುಕಿ. ಎವಿಎಕ್ಸ್ ಎಂದರೆ ಒಂದೇ ಆದೇಶಕ್ಕೆ ಹಲವು ಸಂಖ್ಯೆಗಳ ಲೆಕ್ಕ, ಎಫ್‌ಎಂಎ ಎಂದರೆ ಗುಣಿಸಿ ಕೂಡಿಸುವುದು ಒಂದೇ ಆದೇಶದಲ್ಲಿ. ಇಂಟೆಲ್‌ನ ಸರ್ವರ್ ಪ್ರೊಸೆಸರ್‌ಗಳಾದ ಜಿಯಾನ್‌ಗಳಲ್ಲಿ ಎವಿಎಕ್ಸ್ ಬಂದದ್ದು ಸ್ಯಾಂಡಿ ಬ್ರಿಡ್ಜ್ ತಲೆಮಾರಿಗೆ. ಎವಿಎಕ್ಸ್2 ಮತ್ತು ಎಫ್‌ಎಂಎ ಹ್ಯಾಸ್ವೆಲ್‌ಗೆ, ಇ5 ವಿ3 ಎಂಬ ಹೆಸರಿನಲ್ಲಿ, 2014ರಲ್ಲಿ. ಎವಿಎಕ್ಸ್-512 ಬಂದದ್ದು 2017ರ ಸ್ಕೈಲೇಕ್ ಸರ್ವರ್‌ಗಳಿಗೆ. ಎಎಂಡಿಯ ಸರ್ವರ್ ಪ್ರೊಸೆಸರ್‌ಗಳಾದ ಎಪಿಕ್ ಸಾಲಿನಲ್ಲಿ ಎವಿಎಕ್ಸ್-512 ಸಿಕ್ಕಿದ್ದು 2022ರ ಕೊನೆಯಲ್ಲಿ ಬಂದ ಜೆನೋವಾಕ್ಕೆ.

ಎವಿಎಕ್ಸ್‌ನಲ್ಲಿ ಒಂದು ಆದೇಶಕ್ಕೆ 4 ಡಬಲ್ ಸಂಖ್ಯೆ, ಎವಿಎಕ್ಸ್-512ರಲ್ಲಿ 8. ಮಾರುವವರ ಕಾಗದದ ದುಪ್ಪಟ್ಟು ಅಂಕಗಳೆಲ್ಲ ಬಹುಪಾಲು ಇಲ್ಲಿಂದ ಬಂದವು. ಆದರೆ ಪೋಸ್ಟ್‌ಗ್ರೆಸ್ ಸಾಲು ಸಾಲಾಗಿ ಕೆಲಸ ಮಾಡುತ್ತದೆ. ಒಂದು ಸಾಲು ಎತ್ತಿಕೊಳ್ಳುತ್ತದೆ, ಕಾಲಂ ಬಿಡಿಸುತ್ತದೆ, ಒಂದು ಸಂಖ್ಯೆ ಕೂಡಿಸುತ್ತದೆ, ಮುಂದಿನ ಸಾಲಿಗೆ ಹೋಗುತ್ತದೆ. 8 ಸಂಖ್ಯೆ ಒಟ್ಟಿಗೆ ಅದರ ಕೈಗೆ ಸಿಗುವುದೇ ಇಲ್ಲ. ಅದೂ ಅಲ್ಲದೆ ರೆಡಿ ಸಿಗುವ ಪ್ಯಾಕೇಜುಗಳನ್ನು ಸಾಮಾನ್ಯವಾಗಿ ಎಲ್ಲ 64 ಬಿಟ್ ಯಂತ್ರಗಳಲ್ಲೂ ಓಡಬೇಕೆಂದು ಎವಿಎಕ್ಸ್‌ಗಿಂತ ಹಳೆಯ ಎಸ್‌ಎಸ್‌ಇ2 ಮಟ್ಟಕ್ಕೇ ಕಟ್ಟಿರುತ್ತಾರೆ. ಕ್ಲಿಕ್‌ಹೌಸ್, ಡಕ್‌ಡಿಬಿಯಂತಹ ಕಾಲಂ ಡೇಟಾಬೇಸ್ ಆದರೆ ಕಥೆ ಬೇರೆ. ಅವು ಒಂದೇ ಕಾಲಂನ ಸಂಖ್ಯೆಗಳನ್ನು ಗೊಂಚಲಾಗಿ ತೆಗೆದುಕೊಳ್ಳುತ್ತವೆ, ಅಗಲದ ಆದೇಶಗಳ ಲಾಭ ಅವಕ್ಕೆ ಸಿಗುತ್ತದೆ.

ಸ್ಪೆಕ್ ಸಿಪಿಯು 2017 ಎಂಬ ಪ್ರೊಸೆಸರ್ ವೇಗ ಪರೀಕ್ಷೆಯ ಫ್ಲೋಟಿಂಗ್ ಪಾಯಿಂಟ್ ಅಂಕವನ್ನೂ ಇದೇ ಕಣ್ಣಿನಲ್ಲಿ ನೋಡಬೇಕು. ಅದರೊಳಗೆ ಹವಾಮಾನದ ಮಾದರಿ ಉಂಟು, ಕಡಲಿನ ಹರಿವಿನ ಮಾದರಿಯೂ ಉಂಟು. ಕರಾವಳಿಯವನಾದ ನನಗೆ ಅದು ಖುಷಿ ಕೊಡುವ ವಿಷಯ. ಆದರೆ ಡೇಟಾಬೇಸ್ ಒಂದೂ ಇಲ್ಲ. ಇನ್ನೊಂದು ಮಾತು, 2006ರ ಸ್ಪೆಕ್ ಅಂಕವನ್ನು 2017ರ ಅಂಕದ ಪಕ್ಕ ಇಟ್ಟು ಹೋಲಿಸಲೇಬಾರದು. ಅಳತೆಗೋಲೇ ಬೇರೆ.

ತಲೆಮಾರು ಹೊಸದಾದ ಹಾಗೆ ಪ್ರತಿಯೊಂದು ಲೆಕ್ಕವೂ ಬೇಗ ಆಗುತ್ತದೆ ಎಂದೂ ಇಲ್ಲ. ಒಂದು ಗುಣಾಕಾರದ ಉತ್ತರ ಕೈಗೆ ಬರಲು ಹ್ಯಾಸ್ವೆಲ್‌ಗೆ 5 ಸೈಕಲ್ (ಪ್ರೊಸೆಸರ್ ಗಡಿಯಾರದ ಬಡಿತ) ಬೇಕು. ಅದರ ಮುಂದಿನ ತಲೆಮಾರಾದ ಬ್ರಾಡ್‌ವೆಲ್‌ಗೆ 3 ಸಾಕು. ಅದರ ನಂತರದ ಸ್ಕೈಲೇಕ್‌ಗೆ 4! ಕೂಡಿಸುವುದು ಹ್ಯಾಸ್ವೆಲ್, ಬ್ರಾಡ್‌ವೆಲ್‌ನಲ್ಲಿ 3 ಸೈಕಲ್ ಇದ್ದದ್ದು ಸ್ಕೈಲೇಕ್‌ನಲ್ಲಿ 4 ಆಯಿತು.

ಯಂತ್ರ ಒಂದೇ ಹದದಲ್ಲಿರಲಿ

ಪ್ರೊಸೆಸರ್ ಎಷ್ಟು ವೇಗದಲ್ಲಿ ಓಡಬೇಕೆಂದು ನಿರ್ಧರಿಸುವ ಗವರ್ನರ್ ಅನ್ನು ಪರ್ಫಾರ್ಮೆನ್ಸ್‌ಗೆ ಇಡಿ. ಸಿಪಿಯುಪವರ್ ಕಮಾಂಡ್‌ನಿಂದ ಆಗುತ್ತದೆ. ಎರಡು ಸಲ ಅಳೆಯಿರಿ: ಒಮ್ಮೆ ಟರ್ಬೊ (ಪ್ರೊಸೆಸರ್ ತಾನಾಗಿ ವೇಗ ಏರಿಸಿಕೊಳ್ಳುವುದು) ಆಫ್ ಮಾಡಿ, ಎರಡೂ ಯಂತ್ರಗಳನ್ನು ಒಂದೇ ಗಿಗಾಹರ್ಟ್ಸ್‌ಗೆ ಕಟ್ಟಿಹಾಕಿ. ಇನ್ನೊಮ್ಮೆ ಟರ್ಬೊ ಆನ್ ಮಾಡಿ. ಮೊದಲನೆಯದು ತಲೆಮಾರಿನ ವ್ಯತ್ಯಾಸ ತೋರಿಸುತ್ತದೆ, ಎರಡನೆಯದು ದಿನನಿತ್ಯ ನಿಮಗೆ ಸಿಗುವ ವೇಗ ತೋರಿಸುತ್ತದೆ. ಎರಡು ಸಾಕೆಟ್, ಅಂದರೆ ಎರಡು ಪ್ರೊಸೆಸರ್, ಇರುವ ಯಂತ್ರವಾದರೆ ನುಮಾಸಿಟಿಎಲ್ ಕಮಾಂಡ್‌ನಿಂದ ಪೋಸ್ಟ್‌ಗ್ರೆಸ್ ಅನ್ನು ಒಂದೇ ಸಾಕೆಟ್‌ಗೆ, ಅದರದ್ದೇ ಮೆಮೊರಿಗೆ ಕಟ್ಟಿ. ಕ್ಲೌಡ್ ಯಂತ್ರವಾದರೆ ಟಾಪ್ ಕಮಾಂಡ್‌ನಲ್ಲಿ ಎಸ್‌ಟಿ ಎಂಬ ಅಂಕಿ ನೋಡಿ. ಅದು ಸೊನ್ನೆ ಇರದಿದ್ದರೆ ನಿಮ್ಮ ಸಮಯವನ್ನು ಅದೇ ಯಂತ್ರ ಹಂಚಿಕೊಂಡ ಪಕ್ಕದವರು ತಿನ್ನುತ್ತಿದ್ದಾರೆ ಎಂದರ್ಥ.

ಟೇಬಲ್ ಕಟ್ಟುವುದು

ಮೂರು ಡಬಲ್ ಕಾಲಂ ಸಾಕು: ಅಕ್ಷಾಂಶ, ರೇಖಾಂಶ, ಡೀಸೆಲ್ ಲೀಟರ್. ಜನರೇಟ್ ಸೀರೀಸ್ ಮತ್ತು ರ್‍ಯಾಂಡಮ್ ಬಳಸಿ 1 ಕೋಟಿ ಸಾಲು ತುಂಬಿಸಿ. ಅಕ್ಷಾಂಶ 12.5ರಿಂದ 14, ರೇಖಾಂಶ 73.5ರಿಂದ 74.8, ನಮ್ಮ ಕಡಲಿನ ತುಂಡು. ಇದನ್ನು ಒಂದು ಯಂತ್ರದಲ್ಲಿ ಮಾತ್ರ ಮಾಡಿ, ಡಂಪ್ (ಪೂರ್ತಿ ನಕಲು) ತೆಗೆದು ಇನ್ನೊಂದಕ್ಕೆ ತುಂಬಿ. ಎರಡೂ ಕಡೆ ಒಂದೇ ಬೀಜ (ಆರಂಭದ ಸಂಖ್ಯೆ) ಕೊಟ್ಟು ರ್‍ಯಾಂಡಮ್ ಓಡಿಸಿದರಾಯಿತು ಅನಿಸಬಹುದು. ಆದರೆ ಪೋಸ್ಟ್‌ಗ್ರೆಸ್ 15ರಲ್ಲಿ ಆ ಯಂತ್ರಾಂಗವನ್ನೇ ಬದಲಿಸಿದ್ದಾರೆ. ಆವೃತ್ತಿ ಬೇರೆಯಾದರೆ ಡೇಟಾವೂ ಬೇರೆಯಾದೀತು.

ಈಗ ಗಾತ್ರ. ಒಂದು ಸಾಲಿನ ತಲೆಬರಹಕ್ಕೆ 24 ಬೈಟ್, ಮೂರು ಡಬಲ್‌ಗೆ 24, ಪೇಜಿನಲ್ಲಿ ಅದರ ಗುರುತಿಗೆ 4. ಒಟ್ಟು 52. 8 ಕೆಬಿಯ ಒಂದು ಪೇಜಿಗೆ 157 ಸಾಲು ಹಿಡಿಯುತ್ತದೆ. 1 ಕೋಟಿ ಸಾಲಿಗೆ ಸುಮಾರು 500 ಎಂಬಿ. ಪೋಸ್ಟ್‌ಗ್ರೆಸ್‌ನ ಶೇರ್ಡ್ ಬಫರ್ಸ್, ಅಂದರೆ ಅದು ಮೆಮೊರಿಯಲ್ಲಿ ಪೇಜುಗಳನ್ನು ಇಟ್ಟುಕೊಳ್ಳುವ ಜಾಗ, ತಾನಾಗಿ ಇರುವುದು 128 ಎಂಬಿ ಮಾತ್ರ. 1 ಜಿಬಿ ಮಾಡಿದರೂ ಸಾಲದು. ಯಾಕೆಂದರೆ ಟೇಬಲ್ಲು ಬಫರಿನ ಕಾಲು ಭಾಗಕ್ಕಿಂತ ದೊಡ್ಡದಿದ್ದರೆ, ಪೂರ್ತಿ ಓದುವಾಗ ಪೋಸ್ಟ್‌ಗ್ರೆಸ್ ಅದನ್ನು ಬಫರಿನಲ್ಲಿ ಹರಡಿಕೊಳ್ಳಲು ಬಿಡುವುದಿಲ್ಲ. ಮತ್ತೆ ಮತ್ತೆ ಬಳಸುವ ಒಂದು ಸಣ್ಣ ಉಂಗುರದಲ್ಲೇ ಸುತ್ತಿಸುತ್ತದೆ. ಆದ್ದರಿಂದ 4 ಜಿಬಿ ಕೊಡಿ. ಆಮೇಲೆ ಟೇಬಲ್ ಅನ್ನು ಒಪ್ಪ ಮಾಡುವ ವ್ಯಾಕ್ಯೂಮ್ ಫ್ರೀಝ್ ಅನಲೈಸ್ ಕಮಾಂಡ್ ಕೊಟ್ಟು, ಪಿಜಿ ಪ್ರಿವಾರ್ಮ್‌ನಿಂದ ಟೇಬಲ್ ಅನ್ನು ಮೆಮೊರಿಗೆ ಎಳೆದುಕೊಳ್ಳಿ. ಡಿಸ್ಕ್ ಈ ಅಳತೆಯೊಳಗೆ ಕಾಲಿಡಬಾರದು.

ಮೂರು ಕ್ವೆರಿಗಳ ಮೆಟ್ಟಿಲು

ಇದೇ ಮುಖ್ಯ ಭಾಗ, ನಿಧಾನವಾಗಿ ಓದಿ. ಮೊದಲು ಒಂದೇ ಕ್ವೆರಿಯನ್ನು ಹಲವು ವರ್ಕರ್‌ಗಳಿಗೆ ಹಂಚುವ ಮ್ಯಾಕ್ಸ್ ಪ್ಯಾರಲಲ್ ವರ್ಕರ್ಸ್ ಪರ್ ಗ್ಯಾದರ್ ಎಂಬ ಸೆಟ್ಟಿಂಗ್ ಅನ್ನು 0 ಮಾಡಿ, ಜೆಐಟಿ (ಕ್ವೆರಿಯನ್ನು ಓಡುವಾಗಲೇ ಯಂತ್ರಭಾಷೆಗೆ ಬದಲಿಸುವುದು) ಆಫ್ ಮಾಡಿ. ಪೋಸ್ಟ್‌ಗ್ರೆಸ್ 12ರಿಂದ ಈಚೆಗೆ ಜೆಐಟಿ ತಾನಾಗಿಯೇ ಆನ್ ಇರುತ್ತದೆ, ಮರೆಯಬೇಡಿ.

ಮೊದಲ ಕ್ವೆರಿ: ಅಕ್ಷಾಂಶದ ಕೌಂಟ್. ನಕ್ಷತ್ರ ಹಾಕಿದ ಕೌಂಟ್ ಬೇಡ, ಕಾಲಂ ಹೆಸರು ಕೊಟ್ಟ ಕೌಂಟ್ ಬೇಕು. ನಕ್ಷತ್ರದ ಕೌಂಟ್ ಸಾಲನ್ನು ಬಿಡಿಸಿ ನೋಡುವುದೇ ಇಲ್ಲ. ಕಾಲಂ ಕೌಂಟ್ ಬಿಡಿಸುತ್ತದೆ, ಆದರೆ ದಶಾಂಶ ಲೆಕ್ಕ ಏನೂ ಮಾಡುವುದಿಲ್ಲ. ಸಾಲು ಹೊರುವ ಕೂಲಿ ಎಷ್ಟು ಎಂದು ಇದರಿಂದ ತಿಳಿಯುತ್ತದೆ.

ಎರಡನೆಯದು: ಅಕ್ಷಾಂಶದ ಸಮ್. ಕೂಲಿಯ ಜೊತೆ ಸಾಲಿಗೆ ಒಂದು ಕೂಡುವಿಕೆ.

ಮೂರನೆಯದು: ಪ್ರತಿ ಬಿಂದುವಿನಿಂದ ದಕ್ಕೆಗೆ ಇರುವ ದೂರದ ಸಮ್, ಗೋಳದ ಮೇಲಿನ ದೂರ ಹೇಳುವ ಹ್ಯಾವರ್‌ಸೈನ್ ಸೂತ್ರದಲ್ಲಿ. ಎರಡು ಸೈನ್, ಕೊಸೈನ್, ಒಂದು ವರ್ಗಮೂಲ, ಒಂದು ಆರ್ಕ್‌ಸೈನ್, ಭೂಮಿಯ ತ್ರಿಜ್ಯ 6371 ಕಿ.ಮೀ. ಸೂತ್ರ ಸರಿ ಬರೆದಿದ್ದೀರಾ ಎಂದು ಮೊದಲು ಪರೀಕ್ಷಿಸಿ: ಮಂಗಳೂರಿಗೆ 12.87 ಮತ್ತು 74.84, ಮಲ್ಪೆಗೆ 13.35 ಮತ್ತು 74.70 ಕೊಟ್ಟರೆ ಸುಮಾರು 55 ಕಿ.ಮೀ. ಬರಬೇಕು. ನೇರ ಗೆರೆಯ ದೂರ ಇದು, ಹೆದ್ದಾರಿಯದ್ದಲ್ಲ.

ಪ್ರತಿಯೊಂದನ್ನು 11 ಸಲ ಓಡಿಸಿ, ಮೊದಲನೆಯದನ್ನು ಬಿಟ್ಟು, ಉಳಿದ ಹತ್ತರ ನಡುವಿನ ಬೆಲೆ ತೆಗೆದುಕೊಳ್ಳಿ. ಸಮಯ ನೋಡಲು ಎಕ್ಸ್‌ಪ್ಲೇನ್ ಅನಲೈಸ್ ಕಮಾಂಡ್ ಬಳಸುವುದಾದರೆ ಟೈಮಿಂಗ್ ಆಫ್ ಎಂದು ಸೇರಿಸಿ. ಇಲ್ಲದಿದ್ದರೆ ಅದು ಸಾಲು ಸಾಲಿಗೂ ಗಡಿಯಾರ ನೋಡುತ್ತದೆ. ಕೆಲವು ಹಳೆ ಯಂತ್ರಗಳಲ್ಲಿ ಗಡಿಯಾರ ನೋಡುವುದೇ ದುಬಾರಿ ಕೆಲಸ. ಎಷ್ಟು ದುಬಾರಿ ಎಂದು ಪಿಜಿ ಟೆಸ್ಟ್ ಟೈಮಿಂಗ್ ಹೇಳುತ್ತದೆ.

ಈಗ ಕಳೆಯುವ ಲೆಕ್ಕ. 1 ಕೋಟಿ ಸಾಲಿಗೆ 1 ಸೆಕೆಂಡ್ ಹಿಡಿದರೆ, ಸಾಲಿಗೆ 100 ನ್ಯಾನೋಸೆಕೆಂಡ್. 3 ಗಿಗಾಹರ್ಟ್ಸ್ ಯಂತ್ರದಲ್ಲಿ ಅದು 300 ಸೈಕಲ್. ಒಂದು ಕೂಡುವಿಕೆಗೆ ಬೇಕಾದದ್ದು 3 ಅಥವಾ 4 ಸೈಕಲ್. ಉಳಿದದ್ದೆಲ್ಲ ಹೊರುವ ಕೂಲಿ! ನನ್ನ ಮೊದಲ ಹೋಲಿಕೆ ಯಾಕೆ ಹಳ್ಳ ಹಿಡಿಯಿತು ಎಂದು ಈ ಒಂದು ಭಾಗಾಕಾರದಿಂದ ನನಗೆ ಅರ್ಥವಾಯಿತು.

ಲೆಕ್ಕ ತೋರಿಸಲಿಕ್ಕೆ ಮಾತ್ರ ಒಂದಿಷ್ಟು ಸಂಖ್ಯೆ ಇಟ್ಟುಕೊಳ್ಳೋಣ. ಹಳೆ ಯಂತ್ರದಲ್ಲಿ ಕೌಂಟ್‌ಗೆ 0.9 ಸೆಕೆಂಡ್, ದೂರದ ಕ್ವೆರಿಗೆ 2.7. ಹೊಸದರಲ್ಲಿ 0.5 ಮತ್ತು 1.7. ಒಟ್ಟು ನೋಡಿದರೆ ಹೊಸದು ಸುಮಾರು 1.6 ಪಟ್ಟು ವೇಗ. ಬಿಡಿಸಿ ನೋಡಿದರೆ ಸಾಲು ಹೊರುವುದರಲ್ಲಿ 0.9ಕ್ಕೆ 0.5, ಅಂದರೆ 1.8 ಪಟ್ಟು. ದಶಾಂಶ ಲೆಕ್ಕದಲ್ಲಿ 1.8ಕ್ಕೆ 1.2, ಅಂದರೆ 1.5 ಪಟ್ಟು ಮಾತ್ರ. ಬರೀ ಎಣಿಸುವ, ಹುಡುಕುವ ಕೆಲಸ ಜಾಸ್ತಿ ಇರುವವರಿಗೆ ಈ ಯಂತ್ರ ಒಳ್ಳೆ ವ್ಯಾಪಾರ. ದೂರ, ಕೋನ ಎಂದು ಗಣಿತವೇ ಮುಖ್ಯವಾದವರು ಇನ್ನೊಂದು ಮಾದರಿ ನೋಡಬೇಕಾದೀತು. ಕಳೆದು ಉಳಿದದ್ದರಲ್ಲೂ ಫಂಕ್ಷನ್ ಕರೆಯುವ ಖರ್ಚು ಸೇರಿದೆ, ಪೂರ್ತಿ ಶುದ್ಧ ಗಣಿತ ಅಲ್ಲ. ಆದರೆ ಎರಡೂ ಕಡೆ ಒಂದೇ ಖರ್ಚು ಸೇರಿರುವುದರಿಂದ ಹೋಲಿಕೆಗೆ ನಿಲ್ಲುತ್ತದೆ.

ಇದಾದ ಮೇಲೆ ಜೆಐಟಿ ಆನ್ ಮಾಡಿ ಮೂರನೆಯದನ್ನು ಮತ್ತೊಮ್ಮೆ ಓಡಿಸಿ, ಬೇರೆಯಾಗಿ ಬರೆದಿಡಿ.

ಒಂದು ಕೋರ್ ಆಯಿತು, ಇಡೀ ಯಂತ್ರ?

ಪೋಸ್ಟ್‌ಗ್ರೆಸ್‌ನ ವೇಗ ಅಳೆಯುವ ಪಿಜಿಬೆಂಚ್‌ಗೆ ನಮ್ಮ ಮೂರನೇ ಕ್ವೆರಿಯ ಫೈಲ್ ಕೊಟ್ಟು 1, 2, 4, 8 ಎಂದು ಕ್ಲೈಂಟ್ ಹೆಚ್ಚಿಸುತ್ತಾ ಹೋಗಿ, ಕೋರ್ ಮುಗಿಯುವವರೆಗೆ. ಒಂದು ಹಂತದಲ್ಲಿ ವೇಗ ಏರುವ ಗೆರೆ ಬಾಗುತ್ತದೆ. ಸಾಮಾನ್ಯವಾಗಿ ಅಲ್ಲಿ ಮೂರು ಕಾರಣ ಹುಡುಕಬೇಕು: ಹೆಚ್ಚು ಕೋರ್ ಎಚ್ಚರವಾದಂತೆ ಟರ್ಬೊ ಇಳಿಯುವುದು, ಒಂದೇ ಕೋರ್ ಅನ್ನು ಎರಡು ಥ್ರೆಡ್ ಹಂಚಿಕೊಳ್ಳುವುದು, ಮೆಮೊರಿಯ ದಾರಿ ಇಕ್ಕಟ್ಟಾಗುವುದು. ಮೆಮೊರಿಯ ದಾರಿ ತಲೆಮಾರಿನಿಂದ ತಲೆಮಾರಿಗೆ ನಿಜವಾಗಿ ಅಗಲವಾಗಿದೆ. ಹ್ಯಾಸ್ವೆಲ್ ಜಿಯಾನ್‌ಗೆ ಸಾಕೆಟ್ಟಿಗೆ 4 ಚಾನೆಲ್, ಡಿಡಿಆರ್4 2133. ಕಾಗದದ ಲೆಕ್ಕದಲ್ಲಿ ಸೆಕೆಂಡಿಗೆ ಸುಮಾರು 68 ಜಿಬಿ. ಎಪಿಕ್ ಜೆನೋವಾಕ್ಕೆ 12 ಚಾನೆಲ್, ಡಿಡಿಆರ್5 4800. ಸುಮಾರು 460 ಜಿಬಿ. ಎಲ್ಲ ಚಾನೆಲ್‌ಗೂ ಮೆಮೊರಿ ಕಡ್ಡಿ ಹಾಕಿದ್ದರೆ ಮಾತ್ರ ಅಷ್ಟು, ಅಲ್ವಾ? ದುಡ್ಡು ಉಳಿಸಲು ಎರಡೇ ಕಡ್ಡಿ ಹಾಕಿ ಕಳಿಸಿದ ಸರ್ವರ್ ನಾನು ನೋಡಿದ್ದೇನೆ. ಡಿಎಂಐಡಿಕೋಡ್ ಕಮಾಂಡ್ ಕೊಟ್ಟು ಎಣಿಸಿ.

ಉತ್ತರವೂ ಒಂದೇ ಬರುತ್ತದೆಯೇ ನೋಡಿ

ವೇಗ ಅಳೆದು ಬಿಟ್ಟುಬಿಡಬೇಡಿ, ಎರಡೂ ಯಂತ್ರಗಳ ಉತ್ತರಗಳನ್ನು ಪಕ್ಕಪಕ್ಕ ಇಡಿ. ಕೊನೆಯ ಒಂದೆರಡು ಅಂಕಿ ಬೇರೆ ಬರಬಹುದು, ಹೆದರಬೇಡಿ. ಜಿಲಿಬ್‌ಸಿ ಓಡುವಾಗ ಪ್ರೊಸೆಸರ್ ನೋಡಿ, ಎಫ್‌ಎಂಎ ಇದ್ದರೆ ಸೈನ್, ಕೊಸೈನ್‌ಗೆ ಒಂದು ದಾರಿ ಹಿಡಿಯುತ್ತದೆ, ಇಲ್ಲದಿದ್ದರೆ ಇನ್ನೊಂದು. ಎಫ್‌ಎಂಎ ಗುಣಿಸಿ ಕೂಡಿಸುವ ಎರಡು ಕೆಲಸಕ್ಕೆ ಒಂದೇ ಸಲ ಸರಿಹೊಂದಿಸುತ್ತದೆ. ಹಾಗಾಗಿ ಹ್ಯಾಸ್ವೆಲ್‌ಗಿಂತ ಹಿಂದಿನ ಜಿಯಾನ್ ಮತ್ತು ಈಗಿನದರ ನಡುವೆ ಕೂದಲೆಳೆಯ ವ್ಯತ್ಯಾಸ ಸಾಧ್ಯ.

ಕೂಡಿಸುವ ಕ್ರಮ ಬದಲಾದರೂ ಉತ್ತರ ಅಲುಗಾಡುತ್ತದೆ. 0.1ನ್ನು ಡಬಲ್ ಆಗಿ ಹತ್ತು ಸಲ ಒಂದರ ಮೇಲೊಂದು ಕೂಡಿಸಿ ನೋಡಿ. 1 ಬರುವುದಿಲ್ಲ, 0.9999999999999999 ಬರುತ್ತದೆ. ಪ್ಯಾರಲಲ್ ವರ್ಕರ್‌ಗಳು ಸಾಲುಗಳನ್ನು ಹಂಚಿಕೊಂಡು ಕೂಡಿಸಿದಾಗ ಕ್ರಮ ಪ್ರತಿ ಸಲವೂ ಬೇರೆ. ಒಂದೇ ಯಂತ್ರದಲ್ಲಿ ಒಂದೇ ಕ್ವೆರಿ ಎರಡು ಸಲ ಓಡಿಸಿದರೂ ಬಾಲದ ಅಂಕಿ ಬೇರೆ ಬಂದೀತು. ಆದ್ದರಿಂದ ಎರಡು ಉತ್ತರ ಸಮ ಎಂದು ನೇರ ಪರೀಕ್ಷಿಸದೆ, ವ್ಯತ್ಯಾಸವನ್ನು ಉತ್ತರದಿಂದ ಭಾಗಿಸಿ, ನೂರು ಕೋಟಿಯಲ್ಲಿ ಒಂದು ಪಾಲಿಗಿಂತ ಕಡಿಮೆ ಇದೆಯೇ ನೋಡುತ್ತೇನೆ. ಅದಕ್ಕಿಂತ ಜಾಸ್ತಿ ಬಂದರೆ ಡೇಟಾ ತುಂಬುವಾಗಲೇ ಎಡವಿದ್ದೀರಿ ಎಂದು ತಿಳಿದು ಡಂಪ್‌ನಿಂದ ಮತ್ತೆ ಶುರು ಮಾಡಿ.

ಸೆಕೆಯಲ್ಲಿ ಮತ್ತೊಮ್ಮೆ

ಮಳೆಗಾಲದಲ್ಲಿ ಅಳೆದ ಸಂಖ್ಯೆ ನಮ್ಮೂರಿನ ಪೂರ್ತಿ ಕಥೆ ಹೇಳುವುದಿಲ್ಲ. ಜುಲೈಯ ತಂಪಿನಲ್ಲಿ ಟರ್ಬೊ ಗಂಟೆಗಟ್ಟಲೆ ಮೇಲೇ ನಿಂತಿರುತ್ತದೆ. ಏಪ್ರಿಲ್ ಕೊನೆಯ ಸೆಕೆಯಲ್ಲಿ, ಕರೆಂಟ್ ಹೋಗಿ ಸರ್ವರ್ ಯುಪಿಎಸ್‌ನಲ್ಲಿ ಓಡುತ್ತಾ, ಎಸಿ ನಿಂತಿರುವ ಮಧ್ಯಾಹ್ನ ಅದೇ ಪ್ರೊಸೆಸರ್ ಬೇರೆಯೇ ಯಂತ್ರವಾಗುತ್ತದೆ. ಹಾಗಾಗಿ ಪ್ರತಿ ಅಳತೆಯ ಪಕ್ಕದಲ್ಲಿ ಕೋಣೆಯ ಉಷ್ಣಾಂಶವನ್ನೂ ಬರೆದಿಡಿ. ಅಳೆಯುವಾಗ ಇನ್ನೊಂದು ಕಿಟಕಿಯಲ್ಲಿ ಟರ್ಬೊಸ್ಟಾಟ್ ಓಡಲಿ, ನಿಜವಾದ ಗಿಗಾಹರ್ಟ್ಸ್ ಅಲ್ಲಿ ಕಾಣುತ್ತದೆ. ಇಂಟೆಲ್ ಯಂತ್ರವಾದರೆ ಸಿಸ್ ಫೋಲ್ಡರಿನಲ್ಲಿ ಪ್ರತಿ ಕೋರ್‌ಗೂ ಥರ್ಮಲ್ ಥ್ರಾಟಲ್ ಎಂಬ ಎಣಿಕೆ ಇರುತ್ತದೆ. ಬಿಸಿಯಾಗಿ ತಾನೇ ನಿಧಾನವಾದಾಗಲೆಲ್ಲ ಆ ಎಣಿಕೆ ಏರುತ್ತದೆ. ಓಡಿಸುವ ಮೊದಲು ಒಂದು ಸಲ, ಮುಗಿದ ಮೇಲೆ ಒಂದು ಸಲ ಅದನ್ನು ಬರೆದುಕೊಳ್ಳಿ. ನಡುವೆ ಏರಿದ್ದರೆ ಆ ಓಟವನ್ನು ಹೊಡೆದುಹಾಕಿ, ಫ್ಯಾನಿನ ಧೂಳು ತೆಗೆದು, ಪ್ರೊಸೆಸರ್ ಮೇಲಿನ ಒಣಗಿದ ಪೇಸ್ಟ್ ಬದಲಿಸಿ, ಮೊದಲ ಕ್ವೆರಿಯಿಂದ ಮತ್ತೆ ಅಳೆಯಿರಿ.